ತಾನ್ಸೇನ್ ಬೆಟ್ಟದಲ್ಲಿ ಕೋಲಾರದ ಬೋರ್‌ವೆಲ್ ಕಥೆ

ಸೋನೌಲಿ ಗಡಿಯಲ್ಲಿ ನಮ್ಮನ್ನು ಯಾರೂ ಜಾಸ್ತಿ ಪ್ರಶ್ನೆ ಕೇಳಲಿಲ್ಲ. ವೋಟರ್ ಐಡಿ ಕೈಯಲ್ಲಿ ಹಿಡಿದು ನಡೆದೇ ನೇಪಾಳಕ್ಕೆ ದಾಟಿದೆವು. ಆಚೆ ಕಾಲಿಟ್ಟರೆ ಗಡಿಯಾರ 15 ನಿಮಿಷ ಮುಂದೆ. ನಮ್ಮ 100 ರೂಪಾಯಿ ಅಲ್ಲಿ 160. ಯಶವಂತಪುರದಿಂದ ಗೋರಖ್‌ಪುರದವರೆಗೆ ಎರಡು ರಾತ್ರಿ ರೈಲಿನಲ್ಲಿ ಕೂತ ನನ್ನ ಸೊಂಟಕ್ಕೆ ಮಾತ್ರ ಇದರಿಂದ ಏನೂ ಲಾಭವಾಗಲಿಲ್ಲ.

ನಾವು ಏಳು ಜನ, ಕೋಲಾರದ ಒಂದೇ ಚರ್ಚಿನ ಸಭೆಯವರು. ಮಿಷನ್ ಪ್ರವಾಸ ಅಂತ ಹೊರಟಿದ್ದೆವು. ಬ್ಯಾಗಿನ ತುಂಬ ಸ್ವೆಟರು, ಬಣ್ಣದ ಪೆನ್ಸಿಲು, ಜೊತೆಗೆ ಇನ್ನೂರು ಹಿಂದಿ ಕರಪತ್ರ. ಕರಪತ್ರದ ಕಟ್ಟು ಗೋರಖ್‌ಪುರದ ಲಾಡ್ಜಿನಲ್ಲೇ ಉಳಿಯಿತು. ನಮ್ಮನ್ನು ಕರೆದಿದ್ದ ನೇಪಾಳದ ಪಾಸ್ಟರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮತಾಂತರ ಮಾಡಿಸಿದರೆ ಐದು ವರ್ಷದವರೆಗೆ ಜೈಲು. ಹೊರದೇಶದವರಾದರೆ ಜೈಲಿನ ಜೊತೆಗೆ ಗಡೀಪಾರು. "ನೀವು ರೈಲು ಹತ್ತಿ ಹೋಗಿಬಿಡ್ತೀರಿ. ಆಮೇಲೆ ಪೊಲೀಸರು ಬಂದಾಗ ಮನೇಲಿರೋದು ನಾವು" ಅಂದರು.

"ಹಾಗಾದ್ರೆ ನಾವು ಹೋಗಿ ಮಾಡೋದೇನು?" ಅಂತ ನಮ್ಮ ಅಯ್ಯನವರು, ಅಂದರೆ ನಮ್ಮ ಸಭೆಯ ಪಾಸ್ಟರು, ಕೇಳಿದರು. ಈ ಪ್ರಶ್ನೆಯನ್ನು ಟಿಕೆಟ್ ತೆಗೆಯೋ ಮುಂಚೆಯೇ ಕೇಳಿಕೊಳ್ಳಬೇಕಿತ್ತು, ಅಲ್ವಾ?

ಬುತ್ವಲ್ ಬಿಟ್ಟ ಮೇಲೆ ಬಸ್ಸು ಬೆಟ್ಟ ಹತ್ತುತ್ತದೆ. ಕೆಳಗೆ ತಿನಾವು ಹೊಳೆ. ಮಾರ್ಚ್ ತಿಂಗಳಲ್ಲೂ ಹರಿಯೋ ನೀರು ನೋಡಿದರೆ ಕೋಲಾರದವರ ಬಾಯಿ ಕಟ್ಟಿಹೋಗುತ್ತದೆ. ಇವರಿಗೇನು ಬಿಡು, ಪುಣ್ಯವಂತರು ಅಂದುಕೊಂಡೆ.

ತಾನ್ಸೇನ್ ಪಾಲ್ಪಾ ಜಿಲ್ಲೆಯ ದೊಡ್ಡ ಊರು. ಅಲ್ಲಿ ಹಳೆಯದೊಂದು ಮಿಷನ್ ಆಸ್ಪತ್ರೆ ಇದೆ. ಅದರ ಮೂಲ ಹುಡುಕಿದರೆ ಹಕ್ಕಿ ಸಿಗುತ್ತದೆ. ಮಸ್ಸೂರಿಯಲ್ಲಿ ಮೇಷ್ಟರಾಗಿದ್ದ ಅಮೆರಿಕದ ಮಿಷನರಿ ರಾಬರ್ಟ್ ಫ್ಲೆಮಿಂಗ್ 1949ರಲ್ಲಿ ಹಕ್ಕಿಗಳ ಅಧ್ಯಯನಕ್ಕೆ ಈ ಬೆಟ್ಟಗಳಿಗೆ ಬಂದರು. ಇಲ್ಲಿನವರಿಗೆ ಔಷಧಿಯೇ ಇಲ್ಲ ಅನ್ನೋದನ್ನು ಕಣ್ಣಾರೆ ಕಂಡರು. 1954ರಲ್ಲಿ ಆಸ್ಪತ್ರೆಯ ಕೆಲಸ ಶುರುವಾಯಿತು.

ಅದರ ಮುಂದೆ ನಿಂತಾಗ ನನಗೆ ಅಜ್ಜಿ ನೆನಪಾದರು. ಕೋಲಾರದ ನಮ್ಮ ಇ.ಟಿ.ಸಿ.ಎಂ. ಆಸ್ಪತ್ರೆಯಲ್ಲಿ ಅವರು ಆಯಾ ಆಗಿದ್ದರು. ಅದನ್ನು 1910ರಲ್ಲಿ ಕಟ್ಟಿದ್ದು ಅಮೆರಿಕದ ಮೆಥಡಿಸ್ಟ್ ಹೆಂಗಸರು. ಹೊರಗಿನಿಂದ ಬಂದವರನ್ನು ಒಳಗಿನವರು ಹೇಗೆ ನೋಡ್ತಾರೆ ಅನ್ನೋದು ನನಗೆ ಅಜ್ಜಿಯಿಂದಲೇ ಗೊತ್ತಿರಬೇಕಿತ್ತು. ದೊರೆಸಾನಿ ಡಾಕ್ಟರಮ್ಮನ ಒಂದು ಬೋಧನೆಯೂ ಅಜ್ಜಿಗೆ ನೆನಪಿರಲಿಲ್ಲ. ತೆಲುಗು ಮಾತಾಡೋಕೆ ಹೋಗಿ ಆಯಮ್ಮ ಎಡವಟ್ಟು ಮಾಡಿಕೊಳ್ತಿದ್ದುದನ್ನು ಮಾತ್ರ ಸಾಯೋವರೆಗೂ ಹೇಳಿ ನಗುತ್ತಿದ್ದರು.

ಪಾಸ್ಟರ ಹಳ್ಳಿ ಅಲ್ಲಿಂದ ಎರಡು ಗಂಟೆ ನಡಿಗೆ. ಮರುದಿನ ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆರಾಧನೆಯೂ ಅವತ್ತೇ. ಚಪ್ಪಲಿ ಹೊರಗೆ. ನೆಲದ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಮಾದಲ್ ಬಡಿದು ಹಾಡುತ್ತಾರೆ, "ಜೈ ಮಸೀಹ್" ಅಂತ ಕೈ ಮುಗಿಯುತ್ತಾರೆ. ನಾನು ಎದ್ದು, ದೇವರು ನಮ್ಮನ್ನು ನಿಮಗೋಸ್ಕರ ಕಳಿಸಿದ್ದಾರೆ ಅಂತ ಸಾಕ್ಷಿ ಹೇಳಿದೆ. ಮುಗಿದ ಮೇಲೆ ಒಬ್ಬ ಮುದುಕಮ್ಮ ನನ್ನ ಕೈ ಹಿಡಿದರು. ನಮ್ಮ ದಾರಿ ಸುಖವಾಗಿರಲಿ ಅಂತ ಅವರೆಲ್ಲ ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದ್ದರಂತೆ. ಆ ಮೂರು ದಿನವೂ ನಾವು ರೈಲಿನಲ್ಲಿ ಬಿರಿಯಾನಿ ತಿಂದಿದ್ದೆವು.

ಆ ಮುದುಕಮ್ಮನನ್ನು ಎಲ್ಲರೂ ಆಮಾ ಅನ್ನುತ್ತಿದ್ದರು. ಹೆಂಗಸರು ಮೂವರು ಉಳಿದದ್ದು ಅವರ ಮನೆಯಲ್ಲೇ. ಅಲ್ಲಿಗೆ ಹೋದ ಸಂಜೆಯೇ ನಾನು ತಲೆಗೆ ಎರೆದುಕೊಂಡೆ. ರೈಲಿನ ಧೂಳು, ಏನು ಮಾಡ್ಲಿ. ಬಾಗಿಲ ಹತ್ತಿರ ಇಟ್ಟಿದ್ದ ತಾಮ್ರದ ಗಾಗ್ರಿಗಳಲ್ಲಿ ಎರಡು ಖಾಲಿ. ಮಿಕ್ಕವರೂ ಸ್ನಾನ ಮಾಡಿದರು.

ಮರುದಿನ ಬೆಳಗ್ಗೆ ಇನ್ನೂ ಕತ್ತಲು. ಆಮಾ ಮೊಮ್ಮಗಳು, ಹದಿಮೂರು ವರ್ಷ ಇರಬಹುದು, ಬೆನ್ನ ಮೇಲೆ ಗಾಗ್ರಿ ಹೊತ್ತು, ಪಟ್ಟಿ ಹಣೆಗೆ ಕೊಟ್ಟು, ಬೆಟ್ಟ ಹತ್ತಿ ಬರುತ್ತಿದ್ದಳು. ಮೂಲ, ಅಂದರೆ ಒರತೆ, ಕೆಳಗೆ ನಲವತ್ತು ನಿಮಿಷದ ದಾರಿ. ಹತ್ತಿರದಲ್ಲಿದ್ದ ಒರತೆ ಬತ್ತಿ ನಾಲ್ಕು ವರ್ಷ ಆಗಿದೆಯಂತೆ. ಹೊಳೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗೋಲ್ಲ.

ನಾಲ್ಕು ದಿನಕ್ಕೊಮ್ಮೆ ಬರೋ ಟ್ಯಾಂಕರ್ ಹಿಂದೆ ಬಿಂದಿಗೆ ಹಿಡಿದು ಓಡಿದವಳು ನಾನು. ನೀರು ಎಲ್ಲಿಂದ ಬಂತಮ್ಮಾ ಅಂತ ಒಂದು ಮಾತು ಕೇಳಲಿಲ್ಲ. ಬೇರೆ ಯಾವ ಊರಿನವಳು ಮರೆತಿದ್ದರೂ ಕ್ಷಮಿಸಬಹುದಿತ್ತು. ಅವತ್ತು ಹಂಚಿದ ಸ್ವೆಟರುಗಳ ಬಗ್ಗೆ ಬರೆಯೋಕೆ ನನಗೆ ಮನಸ್ಸಿಲ್ಲ.

ರಾತ್ರಿ ಊಟಕ್ಕೆ ಢಿಂಡೋ. ನೋಡಿದರೆ ರಾಗಿ! ಅವರು ಕೋದೋ ಅಂತಾರೆ. ನಮ್ಮ ಮುದ್ದೆಗಿಂತ ಸ್ವಲ್ಪ ಮೆತ್ತಗೆ. ಜೊತೆಗೆ ಒಣಗಿಸಿದ ಹುಳಿ ಸೊಪ್ಪಿನ ಗುಂದ್ರುಕ್ ಸಾರು. ನಾವು ಮುರಿದು, ಅದ್ದಿ, ಅಗಿಯದೆ ನುಂಗಿದ್ದು ಕಂಡು ಆಮಾ ಬಿದ್ದು ಬಿದ್ದು ನಕ್ಕರು. ಮಾತು ಶುರುವಾಗಿದ್ದು ಆವಾಗಲೇ.

ಊರವರು ದುಡ್ಡು ಸೇರಿಸುತ್ತಿದ್ದರು. ಮಕ್ಕಳೆಲ್ಲ ಗಲ್ಫ್‌ನಿಂದ ಕಳಿಸೋ ದುಡ್ಡು. ಬೋರ್ ಕೊರೆಸಬೇಕಂತೆ. ಹೇಗೆ ಅಂತ ನಮ್ಮನ್ನು ಕೇಳಿದರು.

ನಮ್ಮ ಗುಂಪಿನಲ್ಲಿ ಎಪ್ಪತ್ತರ ಹತ್ತಿರದ ಅಂಕಲ್ ಒಬ್ಬರಿದ್ದರು. 2001ರಲ್ಲಿ ಮುಚ್ಚುವವರೆಗೂ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ಇಡೀ ಪ್ರವಾಸದಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರ ಮುರುಕಲು ಹಿಂದಿಯಲ್ಲಿ ಹೇಳತೊಡಗಿದರು. "ನಮ್ಮ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿ ಚಿನ್ನ ಸಿಕ್ತು. ನೀರಿಗೆ 1,500 ಅಡಿ ಕೊರೆಸಿದ್ವಿ, ಬರೀ ಧೂಳು ಬಂತು." ಒಬ್ಬ ಕೊರೆಸಿದರೆ ಪಕ್ಕದವನು ಇನ್ನೂರು ಅಡಿ ಜಾಸ್ತಿ ಕೊರೆಸಿದ್ದು, ಸಿಕ್ಕ ನೀರಿನಲ್ಲೂ ಫ್ಲೋರೈಡ್ ಬಂದು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು, ಸಾವಿರಾರು ಕೆರೆ ಇದ್ದ ಸೀಮೆಗೆ 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ತಂದು ತುಂಬಿಸಬೇಕಾಗಿ ಬಂದದ್ದು, ಎಲ್ಲ ಹೇಳಿದರು. ಯಾರೂ ಉಸಿರೆತ್ತಲಿಲ್ಲ. ನನ್ನ ಸಾಕ್ಷಿಯನ್ನು ಯಾರೂ ಹೀಗೆ ಕೇಳಿರಲಿಲ್ಲ.

ಆಮಾ ಆಗ ಹೇಳಿದರು, ಬೆಟ್ಟದ ತಲೆ ಮೇಲೆ ಮೊದಲು ಎಮ್ಮೆ ಹೊರಳೋಕೆ ಗುಂಡಿಗಳಿದ್ದವಂತೆ. ಆಹಾಲ್ ಅಂತ ಹೆಸರು. ಮಳೆ ನೀರು ಅದರಲ್ಲಿ ನಿಂತು ಕೆಳಗಿನ ಒರತೆಗೆ ಇಂಗುತ್ತಿತ್ತಂತೆ. ಹುಡುಗರು ಊರು ಬಿಟ್ಟರು, ಎಮ್ಮೆ ಮಾರಿದರು, ಗುಂಡಿ ತುಂಬಿಹೋಯಿತು.

"ನಮ್ಮ ಗೋಕಟ್ಟೆ ಇದ್ದ ಹಾಗೆ" ಅಂದರು ಅಂಕಲ್. "ಮೊದಲು ಅದನ್ನ ತೋಡಿ. ಬೋರ್ ಎಲ್ಲಿಗೂ ಓಡಿ ಹೋಗೋಲ್ಲ."

ಕೊನೆಯ ಬೆಳಗ್ಗೆ ನಾನೂ ಒರತೆಗೆ ಇಳಿದೆ. ಅರ್ಧ ಗಾಗ್ರಿ ಹೊತ್ತು ಹತ್ತೋ ಅಷ್ಟರಲ್ಲಿ ಮೂರು ಸಲ ಕೂತೆ. ಹುಡುಗಿ ನಗು ತಡೆದುಕೊಂಡು ಕಾದಳು.

ಊರಿಗೆ ಬಂದ ಮೇಲೆ ಸಭೆಯಲ್ಲಿ ವರದಿ ಕೇಳಿದರು. ಎಷ್ಟು ಜನಕ್ಕೆ ಸುವಾರ್ತೆ ಹೇಳಿದಿರಿ ಅಂತ. ಅಯ್ಯನವರು ಅಂಕಲ್ ಮುಖ ನೋಡಿದರು. "ಒಂದು ಬೋರ್ ಮುಂದಕ್ಕೆ ಹಾಕ್ಸಿದ್ವಿ" ಅಂದರು ಅವರು.

ಜುಲೈಯಲ್ಲಿ ಪಾಸ್ಟರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಬೆಟ್ಟದ ಮೇಲೆ ತೋಡಿದ ಗುಂಡಿ, ಮೊಣಕಾಲುದ್ದ ಕೆಂಪು ನೀರು. ಒರತೆಯಲ್ಲಿ ನೀರು ಏರಿತಾ ಅಂತ ಕೇಳಿದೆ. ಇನ್ನೂ ಇಲ್ಲ, ನಿಮ್ಮಲ್ಲಿ ಮಳೆ ಬಂತಾ ಅಂತ ಆಮಾ ಕೇಳ್ತಿದ್ದಾರೆ ಅಂದರು.

ನಮ್ಮಲ್ಲೂ ಇನ್ನೂ ಇಲ್ಲ ಅಂತ ಬರೆದೆ.