ಬಾನೆಟ್ಟಿಗೆ ಮರಳು ಹೊಡೆಸಬೇಡಿ

ಅಪ್ಪನ 1984ರ ಪ್ರೀಮಿಯರ್ ಪದ್ಮಿನಿಯ ಬಣ್ಣವನ್ನೆಲ್ಲ ತೆಗೆದು ಬರೀ ತಗಡಿಗೆ ತರಬೇಕು ಅಂತ ಹೊರಟಾಗ ನನಗೆ ಗೊತ್ತಿದ್ದದ್ದು ಸ್ಯಾಂಡ್‌ಬ್ಲಾಸ್ಟಿಂಗ್ ಒಂದೇ, ಅಂದರೆ ಗಾಳಿಯ ರಭಸಕ್ಕೆ ಮರಳು ಹೊಡೆದು ಬಣ್ಣ ಕೀಳುವುದು. ಬೇಗ ಮುಗಿಯುತ್ತದೆ, ತುಕ್ಕೂ ಹೋಗುತ್ತದೆ, ಇನ್ನೇನು ಬೇಕು ಅಲ್ವಾ? ಗೇಟು, ಗ್ರಿಲ್ಲುಗಳಿಗೆ ಮರಳು ಹೊಡೆಯುವ ಒಂದು ಕಡೆ ಬಾನೆಟ್ ಕೊಟ್ಟು ಬಂದೆ. ಸಂಜೆ ಹೋದರೆ ಬಣ್ಣವೇನೋ ಪೂರ್ತಿ ಹೋಗಿತ್ತು, ಆದರೆ ಮಧ್ಯದಲ್ಲಿ ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬರುತ್ತಿತ್ತು.

ಬಿಸಿಗೆ ಹೀಗಾಯಿತು ಅಂದುಕೊಂಡೆ. ಅಲ್ಲ. ಒಂದೊಂದು ಕಣವೂ ಒಂದು ಪುಟ್ಟ ಸುತ್ತಿಗೆ ಏಟು. ಏಟು ಬಿದ್ದ ಬದಿ ಹಿಗ್ಗುತ್ತದೆ, ಹಿಂದಿನ ಬದಿ ಹಿಗ್ಗುವುದಿಲ್ಲ, ತೆಳು ತಗಡು ಉಬ್ಬದೆ ಇನ್ನೇನು ಮಾಡೀತು? ಸಸ್ಪೆನ್ಷನ್ ಭಾಗಗಳು, ವೀಲ್ ರಿಮ್, ಅಡಿಭಾಗದ ದಪ್ಪ ಕಬ್ಬಿಣಕ್ಕೆ ಬ್ಲಾಸ್ಟಿಂಗ್ ಮಾಡಿಸಿ, ತೊಂದರೆಯಿಲ್ಲ. ಬಾನೆಟ್, ಟಾಪ್, ಡೋರುಗಳಿಗೆ ಬೇಡ. ಮರಳಿನ ಬದಲು ಸೋಡಾ ಪುಡಿ ಹೊಡೆಯುವ ಸೋಡಾ ಬ್ಲಾಸ್ಟಿಂಗಿನಲ್ಲಿ ತಗಡು ಉಬ್ಬುವ ಭಯ ಕಡಿಮೆ, ಆದರೆ ಅದು ತುಕ್ಕು ತೆಗೆಯುವುದಿಲ್ಲ, ಪುಡಿ ಸರಿಯಾಗಿ ತೊಳೆಯದಿದ್ದರೆ ಮೇಲೆ ಪ್ರೈಮರ್ ಕೂರುವುದೂ ಇಲ್ಲ.

ಕೊನೆಗೆ ಟಿಂಕರಿಂಗ್ ಮಾಡುವ ಅಣ್ಣ ಹೇಳಿದ ಹಾಗೆ ಪೇಂಟ್ ರಿಮೂವರ್ ಹಿಡಿದೆ. ದಪ್ಪಗೆ ಬಳಿದು, ಒಣಗದಂತೆ ಪ್ಲಾಸ್ಟಿಕ್ ಶೀಟ್ ಮುಚ್ಚಿ, ಕಾಲು ಗಂಟೆ ಸುಮ್ನೆ ಬಿಟ್ಟರೆ ಬಣ್ಣ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಕೆರೆದರೆ ಬರುತ್ತದೆ. ನಮ್ಮ ಕಾರಿನಲ್ಲಿ ಬಿಳಿಯ ಕೆಳಗೆ ನೀಲಿ, ಅದರ ಕೆಳಗೆ ಇನ್ನೊಂದು ನೀಲಿ, ಎಡಗಡೆ ಡೋರಿನಲ್ಲಿ ಒಬ್ಬಟ್ಟಿನಷ್ಟು ದಪ್ಪ ಪುಟ್ಟಿ! ಅದಕ್ಕೆ ರಿಮೂವರ್ ನಾಟಲಿಲ್ಲ, 80 ನಂಬರ್ ಪೇಪರಿನಲ್ಲಿ ಉಜ್ಜಿ ತೆಗೆದೆ.

ಡೈಕ್ಲೋರೋಮೀಥೇನ್ ಅನ್ನುವ ರಾಸಾಯನಿಕ ಇರುವ ರಿಮೂವರ್ ಆದರೆ ಮುಚ್ಚಿದ ಶೆಡ್ಡಿನಲ್ಲಿ ಬಳಸಲೇಬೇಡಿ, ಅದರ ಆವಿ ಜೀವ ತೆಗೆಯಬಲ್ಲದು. ಅಮೆರಿಕದಲ್ಲಿ ಅಂಥ ರಿಮೂವರನ್ನು ಮನೆ ಬಳಕೆಗೆ ಮಾರಬಾರದು ಅಂತ 2019ರಲ್ಲೇ ನಿಷೇಧಿಸಿದರು. ಬಯಲಿನಲ್ಲಿ, ದಪ್ಪ ಗ್ಲೌಸ್, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಇನ್ನೊಂದು, ಡೋರಿನ ತಗಡು ಮಡಚಿರುವ ಅಂಚಿಗೆ ರಿಮೂವರ್ ತಾಗಿಸಬೇಡಿ. ಒಳಗೆ ಸೇರಿದ್ದು ತೊಳೆದರೂ ಪೂರ್ತಿ ಹೋಗುವುದಿಲ್ಲ, ತಿಂಗಳುಗಳಾದ ಮೇಲೆ ಹೊಸ ಬಣ್ಣದಡಿ ಗುಳ್ಳೆ ಎಬ್ಬಿಸುತ್ತದೆ. ಅಂಚಿಗೆ ಟೇಪ್ ಹಾಕಿ, ಅಷ್ಟು ಭಾಗ ಕೈಯಲ್ಲೇ ಉಜ್ಜಿ. ಇಡೀ ಬಾಡಿಯನ್ನು ಬಣ್ಣ ಕೀಳುವ ಕಾಸ್ಟಿಕ್ ಸೋಡಾ ನೀರಿನ ತೊಟ್ಟಿಯಲ್ಲಿ ಅದ್ದಿಸೋಣ ಎಂದು ಗೆಳೆಯನೊಬ್ಬ ಹೇಳಿದಾಗ ಬೇಡ ಅಂದಿದ್ದೂ ಇದಕ್ಕೇ.

ಬರೀ ತಗಡನ್ನು ರಾತ್ರಿ ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಬೆಳಿಗ್ಗೆಗೆ ಕೆಂಪಗಾಗಿರುತ್ತದೆ. ಅದಕ್ಕೇ ಒಂದು ದಿನಕ್ಕೆ ಒಂದೇ ಪ್ಯಾನಲ್, ಸಂಜೆಯೊಳಗೆ ಎಪಾಕ್ಸಿ ಪ್ರೈಮರ್. ಡಿಕ್ಕಿ ಇನ್ನೂ ಬಾಕಿ ಇದೆ. ಬಾನೆಟ್ಟು ಅಣ್ಣನ ಹತ್ತಿರವೇ ಇದೆ, ಅಲ್ಲಲ್ಲಿ ಕಾಯಿಸಿ ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಿದ್ದಾರೆ, ನನ್ನನ್ನು ಕಂಡಾಗಲೆಲ್ಲ ಬೈಯುತ್ತಿದ್ದಾರೆ.