ತೇಗದ ಹಡಗಿಗೆ ಆಲೆಮರದ ಹಲಗೆ

ಮರದ ಹಡಗಿನ ಮಾದರಿ ಕಟ್ಟುವ ಹವ್ಯಾಸಿಗಳಲ್ಲಿ ಅನೇಕರು ಬ್ರಿಟನ್ನಿನ ಪ್ರಸಿದ್ಧ ಹಡಗುಗಳಾದ ‘ವಿಕ್ಟರಿ’ಯನ್ನೋ ‘ಕಟಿ ಸಾರ್ಕ್’ ಅನ್ನೋ ಆರಿಸಿಕೊಳ್ಳುತ್ತಾರೆ. ನನ್ನ ಮೇಜಿನ ಮೇಲೆ ಈಗ ಇರುವುದು ಬೊಂಬಾಯಿಯಲ್ಲಿ ಕಟ್ಟಿದ ‘ಟ್ರಿಂಕೊಮಲಿ’. ಹಡಗು ಕಟ್ಟುವುದರಲ್ಲಿ ಹೆಸರಾದ ಪಾರ್ಸಿ ಮನೆತನದ ಜಮ್ಶೆಡ್‌ಜಿ ಬೊಮನ್‌ಜಿ ವಾಡಿಯಾ ಅವರ ಉಸ್ತುವಾರಿಯಲ್ಲಿ, ಮಲಬಾರಿನ ತೇಗದಿಂದ ಸಿದ್ಧಗೊಂಡು 1817ರ ಅಕ್ಟೋಬರ್ 12ರಂದು ನೀರಿಗಿಳಿದ ಈ ಯುದ್ಧನೌಕೆ, ಇನ್ನೂರು ವರ್ಷ ಕಳೆದರೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಇದರ ನಕ್ಷೆಗಳನ್ನು ಬೊಂಬಾಯಿಗೆ ತರುತ್ತಿದ್ದ ‘ಜಾವಾ’ ಎಂಬ ಹಡಗು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎದುರು ಸೋತು ನಾಶವಾದುದರಿಂದ, ಮತ್ತೊಂದು ಪ್ರತಿ ಬರುವವರೆಗೆ ಕಾಯಬೇಕಾಯಿತು; 1816ರಲ್ಲಷ್ಟೇ ಅಡಿತೊಲೆ, ಅಂದರೆ ಹಡಗಿನ ತಳದ ಉದ್ದಕ್ಕೂ ಸಾಗುವ ಬೆನ್ನೆಲುಬಿನಂಥ ತೊಲೆ, ಹಾಕಲಾಯಿತು.

ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆಯಾದರೋ ಮೊಳೆಯನ್ನೂ ಕಾಯುತ್ತದೆ, ಮರವನ್ನೂ ಕೊಳೆಯದಂತೆ ಉಳಿಸುತ್ತದೆ. ಬೊಂಬಾಯಿಯ ಹಡಗುಗಳು ದೀರ್ಘಕಾಲ ಬಾಳಿದ್ದಕ್ಕೆ ಇದು ಮುಖ್ಯ ಕಾರಣ. ಆದ್ದರಿಂದ ಮಾದರಿಯನ್ನೂ ತೇಗದಲ್ಲೇ ಕಟ್ಟಬೇಕೆಂದು ಯಾರಿಗಾದರೂ ತೋರುವುದು ಸಹಜ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ನಾನು ಅನುಸರಿಸುತ್ತಿರುವ ಅಳತೆ 1:64. ಅಂದರೆ ಸುಮಾರು 150 ಅಡಿ ಉದ್ದದ ಫಿರಂಗಿ ಅಟ್ಟವು ಮಾದರಿಯಲ್ಲಿ 72 ಸೆಂಟಿಮೀಟರಿನಷ್ಟಾಗುತ್ತದೆ. ಹಡಗನ್ನು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸಲಾಗದು. ತೇಗದ ಹಲಗೆಯ ಮೇಲೆ ಅರ್ಧ ಮಿಲಿಮೀಟರ್ ಅಗಲದ ಒಂದು ಗೆರೆ ಎದ್ದುಕಂಡರೆ, ನಿಜವಾದ ಹಡಗಿನಲ್ಲಿ ಅದು ಮೂರು ಸೆಂಟಿಮೀಟರಿಗೂ ಮಿಕ್ಕಿದ ಬಿರುಕಿಗೆ ಸಮ. ನೋಡುವವರ ಕಣ್ಣು ಕಾರಣ ತಿಳಿಯದಿದ್ದರೂ ಅದನ್ನು ಒಪ್ಪುವುದಿಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ನೌಕಾ ಆಡಳಿತಕ್ಕಾಗಿ ಮಾದರಿ ಮಾಡುತ್ತಿದ್ದ ಕುಶಲಕರ್ಮಿಗಳು ಪೇರ್, ಬಾಕ್ಸ್‌ವುಡ್‌ಗಳಂಥ ನುಣುಪು ಮರಗಳನ್ನು ಬಳಸಿದ್ದು ಇದೇ ತಿಳಿವಳಿಕೆಯಿಂದ. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ದಂತದ ಬಣ್ಣ, ಕಣ್ಣಿಗೆ ಬೀಳದಷ್ಟು ಸಣ್ಣ ಎಳೆ, ಉಳಿಗೆ ಸಿಡಿಯದ ಮೈ. ಕೊನೆಯಲ್ಲಿ ಅಗಸೆ ಎಣ್ಣೆ ಸವರಿದರೆ ತಿಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಮಾದರಿಯ ಒಳಗಟ್ಟು ಪ್ಲೈವುಡ್ಡಿನದು. ನಡುವಿನ ಅಡಿತೊಲೆಗೆ ಅಡ್ಡಲಾಗಿ ಪಕ್ಕೆಲುಬುಗಳಂತೆ ಚೌಕಟ್ಟುಗಳನ್ನು ಕೂರಿಸಿ, ಅವುಗಳ ಅಂಚನ್ನು ಹಲಗೆಯ ಬಾಗಿಗೆ ಹೊಂದುವಂತೆ ಓರೆಯಾಗಿ ಉಜ್ಜಬೇಕು. ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ಒಂದು ತೆಳುವಾದ ಪಟ್ಟಿಯನ್ನು ಚೌಕಟ್ಟುಗಳ ಮೇಲೆ ಉದ್ದಕ್ಕೂ ಹಿಡಿದು, ಹಿಂದಿನಿಂದ ದೀಪ ಇಡುತ್ತೇನೆ. ಎಲ್ಲಿ ಬೆಳಕು ನುಸುಳುತ್ತದೆಯೋ ಅಲ್ಲಿ ಪಟ್ಟಿ ಅಂಟಿಲ್ಲವೆಂದೇ ಅರ್ಥ. ಪಕ್ಕದ ಚೌಕಟ್ಟು ಇನ್ನೂ ಎತ್ತರವಿದೆ, ಇಲ್ಲವೇ ಇದಕ್ಕೇ ಒಂದು ಚಕ್ಕೆ ಸೇರಿಸಬೇಕಾಗಿದೆ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದೆ ಹಚ್ಚುವ ಪ್ರತಿ ಹಲಗೆಯೂ ಆ ತಗ್ಗನ್ನು ತೋರಿಸುತ್ತದೆ.

ನಿಜವಾದ ಕಸುಬು ಇರುವುದು ಹಲಗೆ ಹಚ್ಚುವುದರಲ್ಲಿ. ಹಡಗಿನ ನಡುಭಾಗದಲ್ಲಿ ಅಟ್ಟದ ಅಂಚಿನಿಂದ ಅಡಿತೊಲೆಯವರೆಗಿನ ಸುತ್ತಳತೆ ಹೆಚ್ಚು. ಮುಂತುದಿಯಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಂದೇ ಅಗಲದ ಪಟ್ಟಿಗಳನ್ನು ಹಾಗೆಯೇ ಬಾಗಿಸಿದರೆ ಅವು ಮೂತಿಯಲ್ಲಿ ಒಂದರ ಮೇಲೊಂದು ಏರಿ, ಅಂಚು ತಿರುಚಿಕೊಂಡು ನಿಲ್ಲುತ್ತವೆ. ಹಾಗಾಗಿ ಪ್ರತಿ ಚೌಕಟ್ಟಿನ ಸುತ್ತಳತೆಯನ್ನೂ ಒಂದು ಕಾಗದದ ಪಟ್ಟಿಯಲ್ಲಿ ಗುರುತಿಸಿಕೊಂಡು, ಅದನ್ನು ಹಲಗೆಗಳ ಸಂಖ್ಯೆಗೆ ಸಮನಾಗಿ ಭಾಗಿಸಿ, ಆ ಗುರುತುಗಳನ್ನು ಮತ್ತೆ ಚೌಕಟ್ಟಿಗೆ ವರ್ಗಾಯಿಸಿ, ಒಂದೊಂದು ಹಲಗೆಯನ್ನೂ ಎರಡು ತುದಿಗಳಿಗೆ ಬೇಕಾದಂತೆ ಕೀಸುಳಿಯಿಂದ ಸಪೂರ ಮಾಡಬೇಕು. ನಡುವೆ 4 ಮಿಲಿಮೀಟರ್ ಇರುವ ಹಲಗೆ ಮುಂತುದಿಯಲ್ಲಿ 2 ಮಿಲಿಮೀಟರಿಗಿಂತ ಕಿರಿದಾಗಬಾರದು. ಆಗುವಂತಿದ್ದರೆ ಎರಡು ಹಲಗೆಗಳನ್ನು ಒಂದರಲ್ಲಿ ಕೊನೆಗೊಳಿಸಬೇಕು. ಹಿಂಭಾಗದಲ್ಲಿ ಇದಕ್ಕೆ ವಿರುದ್ಧವಾಗಿ ಜಾಗ ಅಗಲವಾಗುವುದರಿಂದ ಅಲ್ಲಿ ಬೆಣೆಯಾಕಾರದ ಹೆಚ್ಚುವರಿ ತುಂಡು ಸೇರುತ್ತದೆ. ನೀರಿನಲ್ಲಿ ನೆನೆಸಿದ ಹಲಗೆಯನ್ನು ಇಸ್ತ್ರಿಪೆಟ್ಟಿಗೆಯ ಬಿಸಿಗೆ ಒಡ್ಡಿ ಬಾಗಿಸಿದರೆ, ಆಲೆಮರ ತಣ್ಣಗಾದ ಮೇಲೂ ಆ ಬಾಗನ್ನು ಉಳಿಸಿಕೊಳ್ಳುತ್ತದೆ. ಎಡಬದಿಯಲ್ಲಿ ಒಂದು ಹಲಗೆ ಹಚ್ಚಿದ ಕೂಡಲೇ ಬಲಬದಿಯಲ್ಲೂ ಒಂದನ್ನು ಹಚ್ಚಬೇಕು. ಇಲ್ಲದಿದ್ದರೆ ಅಂಟು ಒಣಗುವಾಗಿನ ಎಳೆತಕ್ಕೆ ಅಡಿತೊಲೆಯೇ ಸೊಟ್ಟಗಾಗುತ್ತದೆ. ಇದೆಲ್ಲವನ್ನೂ ಮಾಡುವಾಗಲೇ, ಒಂದೊಂದು ದಪ್ಪ ಹಲಗೆಯನ್ನೂ ಕಣ್ಣಳತೆ, ಕೈಯಳತೆಗಳಿಂದ ಹೊಂದಿಸಿದ ಬೊಂಬಾಯಿಯ ಬಡಗಿಗಳ ವಿದ್ಯೆ ಎಷ್ಟು ದೊಡ್ಡದೆಂದು ಮನಸ್ಸಿಗೆ ಬರುತ್ತದೆ. ಅವರಲ್ಲಿ ಬಹುಪಾಲು ಜನರ ಹೆಸರು ಹಡಗಿನೊಂದಿಗೆ ಉಳಿಯಲಿಲ್ಲವೆಂಬುದು ನನಗೆ ನೋವಿನ ಸಂಗತಿ.

ನೀರಿನ ಮಟ್ಟದಿಂದ ಕೆಳಗೆ ತಾಮ್ರದ ತಗಡು. ಆ ಕಾಲದ ತಗಡು ಸಾಮಾನ್ಯವಾಗಿ 4 ಅಡಿ ಉದ್ದ, 14 ಅಂಗುಲ ಅಗಲವಿರುತ್ತಿತ್ತು. ನನ್ನ ಅಳತೆಯಲ್ಲಿ ಅದು 19 ಮಿಲಿಮೀಟರ್ ಉದ್ದ, ಐದೂವರೆ ಮಿಲಿಮೀಟರ್ ಅಗಲ. ಮಾರುಕಟ್ಟೆಯ ಕೆಲವು ತಗಡುಗಳ ಮೇಲೆ ಮೊಳೆಯ ತಲೆಗಳು ಸಾಸಿವೆಯಷ್ಟು ಉಬ್ಬಿರುತ್ತವೆ. ನಿಜವಾದ ಹಡಗಿನಲ್ಲಿ ಆ ಮೊಳೆಗಳು ತಗಡಿಗೆ ಸಮನಾಗಿ ಕೂತಿರುತ್ತಿದ್ದವು. ದೂರದಿಂದ ನೋಡಿದರೆ ಕಾಣುವಂಥವೇ ಅಲ್ಲ. ನಾನು ಮೊಳೆಗಳನ್ನು ಕೈಬಿಟ್ಟು ಬರಿಯ ತಾಮ್ರದ ಪಟ್ಟಿಯನ್ನೇ ಕತ್ತರಿಸಿ ಅಂಟಿಸುತ್ತಿದ್ದೇನೆ.

ಇನ್ನೊಂದು ನಿರ್ಧಾರವನ್ನು ಮೊದಲೇ ಮಾಡಬೇಕು: ಯಾವ ವರ್ಷದ ಹಡಗು ಎಂಬುದು. 1840ರ ದಶಕದಲ್ಲಿ ‘ಟ್ರಿಂಕೊಮಲಿ’ಯ ಹಿಂಭಾಗದ ಆಕಾರವನ್ನೇ ಬದಲಿಸಿ, ಫಿರಂಗಿಗಳ ಸಂಖ್ಯೆಯನ್ನು ಇಳಿಸಿ, ಕಾರ್ವೆಟ್ ಎಂಬ ಸಣ್ಣ ಯುದ್ಧನೌಕೆಗಳ ದರ್ಜೆಗೆ ಸೇರಿಸಲಾಯಿತು. ನನ್ನ ಆಯ್ಕೆ 1817, ಬೊಂಬಾಯಿಯಲ್ಲಿ ನೀರಿಗಿಳಿದಾಗಿನ ರೂಪ. ಇದು ‘ಲೀಡಾ’ ವರ್ಗದ, ಅಂದರೆ ಒಂದೇ ನಕ್ಷೆಯನ್ನು ಆಧರಿಸಿ ಕಟ್ಟಿದ ಹಡಗುಗಳ ಗುಂಪಿನ, ನೌಕೆಯಾದ್ದರಿಂದ ಆ ವರ್ಗದ ಮೂಲ ನಕ್ಷೆಗಳು ಗ್ರಿನಿಚ್‌ನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿವೆ. ಹೊಸದಾಗಿ ಈ ಹವ್ಯಾಸಕ್ಕೆ ಬರುವವರು ಮೂರು ಹಾಯಿಕಂಬಗಳ ಇಂಥ ಹಡಗಿನಿಂದ ಆರಂಭಿಸದೆ, ಒಂದೇ ಕಂಬದ ಸಣ್ಣ ದೋಣಿಯೊಂದಕ್ಕೆ ಎರಡು ಪದರ ಹಲಗೆ ಹಚ್ಚಿ ಕೈ ಪಳಗಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಒಳಪದರವನ್ನು ಎಷ್ಟು ಬೇಕಾದರೂ ಉಜ್ಜಿ, ತುಂಬಿ ಸರಿಪಡಿಸಲು ಅಲ್ಲಿ ಅವಕಾಶವಿರುತ್ತದೆ.