ಲೂಪಸ್ ಇದ್ದವರ ಬಸಿರು: ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು

10 ಮೇ 2025, ಶನಿವಾರ

ಇವತ್ತು ವಿಶ್ವ ಲೂಪಸ್ ದಿನ. ಲೂಪಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಅಂಗಗಳ ಮೇಲೇ ತಿರುಗಿಬೀಳುವ ಕಾಯಿಲೆ. ಬಸಿರೆಂದು ಗೊತ್ತಾದ ಕೂಡಲೇ ‘ಮಗುವಿಗೆ ಏನಾದರೂ ಆದೀತು’ ಎಂದು ಇದ್ದಬದ್ದ ಮಾತ್ರೆಗಳನ್ನೆಲ್ಲ ನಿಲ್ಲಿಸುವವರಿದ್ದಾರೆ. ಲೂಪಸ್‌ನಲ್ಲಿ ಇದು ತಿರುಗುಬಾಣ. ಲೂಪಸ್‌ನ ಮುಖ್ಯ ಮಾತ್ರೆಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಟ್ಟರೆ ಕಾಯಿಲೆ ಕೆರಳುತ್ತದೆ. ಮಗುವಿಗೆ ನಿಜವಾದ ಅಪಾಯ ಆ ಕೆರಳಿಕೆಯಿಂದಲೇ. ಅದರ ಪ್ರಮಾಣ ದಿನಕ್ಕೆ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ ಮೀರದಂತೆ, ಅಂದರೆ 60 ಕೆ.ಜಿ. ತೂಕದವರಿಗೆ 300 ಮಿ.ಗ್ರಾಂ.

ಬಿಡಲೇಬೇಕಾದವೂ ಇವೆ, ಆದರೆ ಬಸಿರಿಗೆ ಮೊದಲೇ. ರೋಗನಿರೋಧಕ ವ್ಯವಸ್ಥೆಯನ್ನು ಹತ್ತಿಕ್ಕುವ ಮಾತ್ರೆಗಳಲ್ಲಿ ಮೈಕೋಫಿನೊಲೇಟನ್ನು ಕನಿಷ್ಠ 6 ವಾರ ಮುಂಚೆ, ಮೆಥೊಟ್ರೆಕ್ಸೇಟನ್ನು 1ರಿಂದ 3 ತಿಂಗಳು ಮುಂಚೆ ನಿಲ್ಲಿಸಿ ಅಜಥಯೊಪ್ರಿನ್‌ಗೆ ಬದಲಾಯಿಸುತ್ತಾರೆ. ಬದಲಾಯಿಸಿದ ಮರುತಿಂಗಳೇ ಪ್ರಯತ್ನ ಬೇಡ. ಹೊಸ ಮಾತ್ರೆಯಲ್ಲೂ ಕಾಯಿಲೆ ತೆಪ್ಪಗಿದೆಯೇ ನೋಡಬೇಕು. ಒಟ್ಟು 6 ತಿಂಗಳು ಶಾಂತವಾಗಿದ್ದರೆ ಒಳ್ಳೆಯದು. ಬಸಿರಾದ ಮೇಲೆ, 12ನೇ ವಾರದ ಹೊತ್ತಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು.

ಲೂಪಸ್ ಮಾತು ಬಂದಾಗ ಎಪಿಜೆನೆಟಿಕ್ಸ್, ಅಂದರೆ ಡಿಎನ್‌ಎ ಬರಹ ಬದಲಾಗದೆಯೇ ಜೀನ್‌ಗಳು ಆನ್-ಆಫ್ ಆಗುವ ಬಗೆ, ಕೂಡ ಕೇಳಿಬರುತ್ತದೆ. ಇದರಲ್ಲಿ ಅದೆಲ್ಲಿ ಬಂತು? ಡಿಎನ್‌ಎ ಮೇಲೆ ಕೂರುವ ಮೆಥಿಲ್ ಗುಂಪುಗಳು ಅನೇಕ ಜೀನ್‌ಗಳನ್ನು ಸುಮ್ಮನಿರಿಸುತ್ತವೆ. ಲೂಪಸ್ ಇದ್ದವರ ಸಿಡಿ4 ಟಿ ಕೋಶಗಳಲ್ಲಿ (ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳಲ್ಲಿ) ಇವು ಕಡಿಮೆ. ಹೆಂಗಸರ ಎರಡು ಎಕ್ಸ್ ಕ್ರೋಮೋಸೋಮುಗಳಲ್ಲಿ ಮಲಗಿರಬೇಕಾದ ಒಂದರಲ್ಲಿ ಮೆಥಿಲ್ ಕಳಚಿ, ರೋಗನಿರೋಧಕ ವ್ಯವಸ್ಥೆಯನ್ನು ಹುರಿದುಂಬಿಸುವ ಸಿಡಿ40ಎಲ್ ಎಂಬ ಜೀನ್ ಎಚ್ಚರಗೊಳ್ಳುವುದೂ ಕಂಡಿದೆ. ಬಿಪಿಗೆ ಕೊಡುವ ಹೈಡ್ರಲಜಿನ್ ಕೂಡ ಹೀಗೆ ಮೆಥಿಲ್ ಕೂರುವುದನ್ನು (ಮೆಥಿಲೇಷನ್) ತಗ್ಗಿಸುತ್ತದೆ. ಕೆಲವರಲ್ಲಿ ಲೂಪಸ್‌ನಂಥ ಕಾಯಿಲೆಯನ್ನೇ ತರುತ್ತದೆ.

ಮಾಸು, ಅಂದರೆ ಪ್ಲಾಸೆಂಟಾ, ಇನ್ನೂ ಸ್ವಾರಸ್ಯದ್ದು. ಅಲ್ಲಿನ 11-ಬೀಟಾ-ಎಚ್‌ಎಸ್‌ಡಿ2 ಎಂಬ ಎಂಜೈಮ್, ಲೂಪಸ್‌ಗೆ ಕೊಡುವ ಸ್ಟೀರಾಯ್ಡ್ ಆದ ಪ್ರೆಡ್ನಿಸೊಲೋನಿನ ಬಹುಪಾಲನ್ನು ನಿಷ್ಕ್ರಿಯಗೊಳಿಸಿಬಿಡುವುದರಿಂದ ಮಗುವಿಗೆ ತಲುಪುವುದು ಅಲ್ಪ. ಇನ್ನೊಂದು ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಹಾಗಲ್ಲ, ನೇರ ದಾಟುತ್ತದೆ. ಈ ಎಂಜೈಮಿನ ಜೀನ್ ಮೇಲೂ ಮೆಥಿಲ್ ಕೂರುತ್ತದೆ, ಹೆಚ್ಚಾದರೆ ಎಂಜೈಮ್ ತಗ್ಗುತ್ತದೆ. ಹಾಗೆಂದು ‘ಮೆಥಿಲೇಷನ್ ಟೆಸ್ಟ್’ಗೆ ದುಡ್ಡು ಸುರಿಯಬೇಡಿ. ಅದನ್ನು ನೋಡಿ ಮಾತ್ರೆ ಕೊಡುವ ಕಾಲ ಬಂದಿಲ್ಲ.

ಆ ದುಡ್ಡನ್ನು ಆಂಟಿ-ರೋ ಪರೀಕ್ಷೆಗೆ, ಅಂದರೆ ಮಾಸು ದಾಟಿ ಶಿಶುವಿನ ಹೃದಯಕ್ಕೆ ತಾಗಬಲ್ಲ ಪ್ರತಿಕಾಯ ತಾಯಿಯ ರಕ್ತದಲ್ಲಿದೆಯೇ ಎಂದು ನೋಡುವುದಕ್ಕೆ, ಹಾಕಿ. ಅದು ಪಾಸಿಟಿವ್ ಆದರೆ ನೂರರಲ್ಲಿ ಒಂದೆರಡು ಶಿಶುಗಳಿಗೆ ಹಾರ್ಟ್ ಬ್ಲಾಕ್ (ಹೃದಯ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಆಗಬಹುದು. ಹಿಂದಿನ ಮಗುವಿಗೆ ಆಗಿದ್ದರೆ ಅಪಾಯ ಶೇ. 16–18ರಷ್ಟು. 16ರಿಂದ 26ನೇ ವಾರದವರೆಗೆ ಶಿಶುವಿನ ಹೃದಯದ ಎಕೋ (ಸ್ಕ್ಯಾನ್) ನೋಡುವುದು ಅದಕ್ಕೇ. ಇಲ್ಲೂ ಹೈಡ್ರಾಕ್ಸಿಕ್ಲೋರೋಕ್ವಿನ್ನೇ ಕೈಹಿಡಿಯುತ್ತದೆ: 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 10ನೇ ವಾರದೊಳಗೆ ಶುರುಮಾಡಿದವರಲ್ಲಿ ಮರುಕಳಿಕೆ ಶೇ. 7.4ಕ್ಕೆ ಇಳಿದಿತ್ತು.

ಲ್ಯಾಬ್ ರಿಪೋರ್ಟಿನಲ್ಲಿ ಎಡವುವುದು ಸುಲಭ. ಬಸಿರಿನಲ್ಲಿ ಇಎಸ್‌ಆರ್ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ತಾನಾಗಿಯೇ ಏರುತ್ತದೆ, ಅದನ್ನು ನಂಬಬೇಡಿ. ಲೂಪಸ್ ಕೆರಳಿದಾಗ ಇಳಿಯುವ ಸಿ3, ಸಿ4 ಎಂಬ ರಕ್ತದ ಪ್ರೋಟೀನುಗಳು ಕೂಡ ಬಸಿರಿನಲ್ಲಿ ಏರಬೇಕು. ‘ನಾರ್ಮಲ್’ ಎಂದು ಬಂದರೂ ಹಿಂದಿನದಕ್ಕಿಂತ ಇಳಿದಿದ್ದರೆ ಅನುಮಾನಿಸಿ. 20 ವಾರದ ನಂತರ ಮೂತ್ರದಲ್ಲಿ ಪ್ರೋಟೀನ್, ಜೊತೆಗೆ ಬಿಪಿ ಕಂಡರೆ ಪ್ರಿಎಕ್ಲಾಂಪ್ಸಿಯಾವೋ (ಬಸಿರಿನಲ್ಲಿ ಬಿಪಿ ಏರುವ ತೊಂದರೆ), ಲೂಪಸ್‌ನಿಂದಾದ ಕಿಡ್ನಿ ತೊಂದರೆಯೋ ಎಂಬ ತಕರಾರು. ಸಿ3 ಇಳಿದು, ಡಿಎಸ್-ಡಿಎನ್‌ಎ (ಲೂಪಸ್‌ನ ಪ್ರತಿಕಾಯ) ಏರಿ, ಮೂತ್ರದಲ್ಲಿ ಕೆಂಪು ರಕ್ತಕಣಗಳ ಕಾಸ್ಟ್ (ಕಿಡ್ನಿಯ ನಾಳದಲ್ಲಿ ಅಚ್ಚಾದ ಸಣ್ಣ ಕೊಳವೆಯಾಕಾರದ ತುಣುಕು) ಸಿಕ್ಕರೆ ತಕ್ಕಡಿ ಲೂಪಸ್ ಕಡೆ ವಾಲುತ್ತದೆ.

ಬಾಣಂತನಕ್ಕೆ ತವರಿಗೆ ಹೋಗುವವರು ಆಂಟಿ-ರೋ ಮತ್ತು ಕೊನೆಯ ಮೂತ್ರದ ರಿಪೋರ್ಟ್ ಇರುವ ಫೈಲನ್ನು ಒಯ್ಯಬೇಕು. ಹೆರಿಗೆಯ ನಂತರವೂ ಕಾಯಿಲೆ ಕೆರಳಬಹುದು. ಹೈಡ್ರಾಕ್ಸಿಕ್ಲೋರೋಕ್ವಿನ್, ಪ್ರೆಡ್ನಿಸೊಲೋನ್, ಅಜಥಯೊಪ್ರಿನ್ ಮೂರೂ ಎದೆಹಾಲೂಡಿಸುವಾಗ ನಡೆಯುತ್ತವೆ.